ಒದ್ದೆಕಲ್ಲಿಗೆ ನೆಗಡಿಯಾದ ದಿನ

ಖಾಲಿ ಟ್ಯಾಂಕಿನ ಬಾಯಿಯೊಳಗೆ ಸೊಂಟದವರೆಗೆ ತೂರಿಕೊಂಡು, ತಳಕ್ಕೆ ಅಂಟಿದ್ದ ಗಷ್ಟನ್ನು ಅವನು ಬ್ರಷ್ಷಿನಿಂದ ಉಜ್ಜುತ್ತಿದ್ದ. ತಲೆ ಒಳಗೆ, ಕಾಲು ಹೊರಗೆ. ಸ್ಟೀಲಿನ ದೊಡ್ಡ ಮೀನೊಂದು ಮನುಷ್ಯನನ್ನು ಅರ್ಧ ನುಂಗಿ, ರುಚಿ ಹಿಡಿಸದೆ ಯೋಚನೆ ಮಾಡುತ್ತಾ ಕೂತ ಹಾಗೆ ಕಾಣುತ್ತಿತ್ತು. ಇನ್ನೊಂದು ಅಂಗೈಯಗಲ ಉಜ್ಜಿದರೆ ಕೆಲಸ ಮುಗಿಯುತ್ತಿತ್ತು. ಅಷ್ಟರಲ್ಲಿ ಮೇಲಿನ ಕೊಳವೆಯಿಂದ ಮಂಜುಗಡ್ಡೆಯಂಥ ನೀರು ಧೋ ಎಂದು ಅವನ ಬೆನ್ನಿನ ಮೇಲೆ, ಅಲ್ಲಿಂದ ಕುತ್ತಿಗೆಯೊಳಕ್ಕೆ, ಅಲ್ಲಿಂದ ಕಿವಿಯೊಳಕ್ಕೆ ಸುರಿಯಿತು.

"ಅಯ್ಯಯ್ಯೋ! ನಲ್ಲಿ ನಿಲ್ಸ್ರಪ್ಪಾ! ಯಾರದು?"

ಟ್ಯಾಂಕು ಅವನ ಕೂಗನ್ನು ಒಂದಿಷ್ಟು ಹೊತ್ತು ಸುತ್ತಿಸಿ ಅವನ ಕಿವಿಗೇ ವಾಪಸು ಕೊಟ್ಟಿತು. ತಡವರಿಸಿಕೊಂಡು ಹೊರಗೆ ಬಂದು ನೋಡಿದರೆ, ನಲ್ಲಿಯ ಹಿಡಿಯ ಮೇಲೆ ಕೈಯಿಟ್ಟುಕೊಂಡು ಭಾವ ನಿಂತಿದ್ದರು. ಮುಖದಲ್ಲಿ ಉಪಕಾರ ಮಾಡಿದವರ ತೃಪ್ತಿ.

"ನೀರು ಸಾಲ್ತಿಲ್ಲ ಅನ್ನಿಸ್ತು ಕಣಯ್ಯಾ. ಒಂದು ಕೈ ಹಾಕ್ದೆ, ಅಷ್ಟೆ."

ಅವನು ಉತ್ತರ ಕೊಡಲು ಬಾಯಿ ತೆರೆದ. ಬಂದದ್ದು ಸೀನು.

ಈ ಭಾವ, ವೈನ್ ತಯಾರಿಸುವ ಆ ತೋಟದ ಯಜಮಾನಿಯ ಅಕ್ಕನ ಗಂಡ. ಯಜಮಾನಿಗೆ ಭಾವ ಆದದ್ದರಿಂದ ಕೆಲಸದವರಿಗೂ ಭಾವ, ಬೀದಿಯವರಿಗೂ ಭಾವ. ಯಾವುದೋ ಒಂದು ಸುಗ್ಗಿಗೆ ದ್ರಾಕ್ಷಿ ನೋಡಿಕೊಂಡು ಹೋಗೋಣ ಅಂತ ಬಂದವರು, ನೋಡಿ ಮುಗಿದಿರಲಿಲ್ಲ. ಕೆಲಸ ಅಂತ ಇರಲಿಲ್ಲ. ಎಲ್ಲರ ಕೆಲಸಕ್ಕೂ ಒಂದು ಕೈ ಹಾಕುವುದೇ ಅವರ ಕೆಲಸ. ಹೊಟ್ಟೆಯುರಿ ಇದ್ದುದರಿಂದ ವೈನನ್ನು ಒಂದು ಹನಿಯೂ ಮುಟ್ಟುತ್ತಿರಲಿಲ್ಲ. ಬದಲಿಗೆ ಓಕ್ ಮರದ ಪೀಪಾಯಿಗಳನ್ನು ಗೆಣ್ಣಿನಿಂದ ಟಕಟಕ ತಟ್ಟಿ, ಕಿವಿಯಿಟ್ಟು ಕೇಳಿ, ಡಾಕ್ಟರ ಹಾಗೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದರು.

ಸೀನಿದವನು ಅಲ್ಲಿನ ನೆಲಮಾಳಿಗೆ ನೋಡಿಕೊಳ್ಳುವವನು. ಅವನಿಗೊಂದು ಹೆಸರು ಇದ್ದೇ ಇತ್ತು, ಆದರೆ ಅವನ ಹೆಂಡತಿಗೂ ಅದು ಥಟ್ಟನೆ ನೆನಪಾಗುತ್ತಿರಲಿಲ್ಲ. ಬೀದಿಯವರೆಲ್ಲ ಅವನನ್ನು ಒದ್ದೆಕಲ್ಲು ಅಂತ ಕರೆಯುತ್ತಿದ್ದರು. ಕಾರಣ ಅವನದೇ ಬಾಯಿ.

ಆ ಊರು ಚಳಿಯ ಊರು. ಬಿಸಿಲು ಕೂಡ ಸ್ವೆಟರ್ ಹಾಕಿಕೊಂಡೇ ಬರುತ್ತಿತ್ತು. ಶಾರ್ಡೊನೆ ಅನ್ನುವ ಬಿಳಿ ದ್ರಾಕ್ಷಿ ಅಲ್ಲಿ ಹಣ್ಣಾಗುವುದಕ್ಕೆ, ಮಾವನ ಮನೆಗೆ ಬಂದ ಅಳಿಯ ಹಾಸಿಗೆ ಬಿಟ್ಟೇಳುವುದಕ್ಕೆ ಬೇಕಾದಷ್ಟು ಹೊತ್ತು ಬೇಕು. ಸೆಖೆಯ ಸೀಮೆಯಲ್ಲಾದರೆ ಅದೇ ದ್ರಾಕ್ಷಿ ಬೇಗ ಹಣ್ಣಾಗಿ, ಸಿಹಿಯುಂಡು, ವೈನು ಅನಾನಸ್ಸಿನ ಪರಿಮಳ ಹೊತ್ತು ಮೈದುಂಬಿಕೊಂಡು ಬರುತ್ತದೆ. ಚಳಿಯಲ್ಲಿ ಬೆಳೆದದ್ದು ಹುಳಿ ಬಿಟ್ಟುಕೊಡುವುದಿಲ್ಲ. ಸಣಕಲು ಮೈ, ಚುರುಕು ನಾಲಿಗೆ. ಹಸಿರು ಸೇಬು ಕಚ್ಚಿದ ಹಾಗೆ, ನಿಂಬೆಯ ಸಿಪ್ಪೆ ಹಿಂಡಿದ ಹಾಗೆ; ಕೊನೆಗೆ ಮೂಗಿನ ತುದಿಯಲ್ಲಿ ಈಗಷ್ಟೇ ಮಳೆ ಬಿದ್ದ ಕಲ್ಲಿನ ವಾಸನೆ. "ಆ ಒದ್ದೆ ಕಲ್ಲಿನ ವಾಸನೆ ಬರ್ಲಿಲ್ಲ ಅಂದ್ರೆ ಅದು ವೈನೇ ಅಲ್ಲ ಕಣ್ರೀ" ಎಂದು ಅವನು ಹಾಲಿನವನಿಗೆ, ಕ್ಷೌರದವನಿಗೆ, ಹಲ್ಲು ಕೀಳುತ್ತಿದ್ದ ಡಾಕ್ಟರಿಗೆ ಕೂಡ ಬಾಯಲ್ಲಿ ಇಕ್ಕಳ ಇರುವಾಗಲೇ ಹೇಳಿದ್ದ. ಹೆಸರು ಬರದೆ ಇರುತ್ತದೆಯೇ?

ಈ ದ್ರಾಕ್ಷಿಗೆ ಇನ್ನೊಂದು ಗುಣವಿದೆ. ಸ್ವಂತ ಹಟ ಕಡಿಮೆ, ಇಟ್ಟ ಕಡೆಯ ಬುದ್ಧಿ ಬೇಗ ಹಿಡಿಯುತ್ತದೆ. ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಇಟ್ಟರೆ ಹುಟ್ಟಿದಾಗಿನ ಹುಳಿ, ಕಲ್ಲು ಎಲ್ಲ ಹಾಗೇ ಉಳಿಯುತ್ತದೆ. ಓಕ್ ಮರದ ಪೀಪಾಯಿಗೆ ಹಾಕಿ, ಗಷ್ಟು ಕದಡುತ್ತಾ ಕೂರಿಸಿದರೆ ಆ ಚೂಪು ಹುಳಿ ಹಾಲಿನ ಹುಳಿಯಾಗಿ ಮೆತ್ತಗಾಗಿ, ಬೆಣ್ಣೆ, ಸುಟ್ಟ ಬ್ರೆಡ್ಡು, ವೆನಿಲಾ ಅಂತ ಪರಿಮಳ ಬರುತ್ತದೆ. ಎರಡಕ್ಕೂ ಅದರದರ ಅಭಿಮಾನಿಗಳಿದ್ದಾರೆ, ಎರಡೂ ತಪ್ಪಲ್ಲ. ಪೀಪಾಯಿಯದು ತಪ್ಪು ಅಂತ ಹೇಳುವವನು ಊರಲ್ಲಿ ಒಬ್ಬನೇ ಇದ್ದ. ಅವನು ಈಗ ಮೈಯೆಲ್ಲ ನೀರು ತೊಟ್ಟಿಕ್ಕಿಸುತ್ತಾ ನಿಂತಿದ್ದ.

ಅಷ್ಟರಲ್ಲಿ ಯಜಮಾನಿ ಮೆಟ್ಟಿಲಿಳಿದು ಬಂದರು.

"ಇದೇನು ಅವತಾರ? ಮಧ್ಯಾಹ್ನ ವೈನು ಆರಿಸೋಕೆ ಹೋಟೆಲಿನವರು ಬರ್ತಾರೆ ಅಂತ ಜ್ಞಾಪಕ ಇದೆ ತಾನೇ?"

"ಇದೆ ಅಮ್ಮಾ. ಆಕ್ಷೀ!"

"ನೋಡಪ್ಪಾ, ನಾನು ಹೇಳಿದ್ದು ಹೇಳಿದ್ದೇ. ಅವರು ನಿನ್ನ ಟ್ಯಾಂಕಿನದು ಒಪ್ಪಿದ್ರೆ ಟ್ಯಾಂಕು ಇರುತ್ತೆ. ಭಾವನ ಪೀಪಾಯಿದು ಒಪ್ಪಿದ್ರೆ ಮುಂದಿನ ಸುಗ್ಗಿಯಿಂದ ಎಲ್ಲಾ ಪೀಪಾಯಿಗೇ. ಹಾಲಿನ ಡೇರಿಯವನು ನಿನ್ನ ಟ್ಯಾಂಕುಗಳನ್ನ ಕೇಳ್ತಾನೇ ಇದಾನೆ. ನನಗೂ ಎರಡೆರಡು ಸಂಸಾರ ಸಾಕಾಗಿದೆ."

"ನಿಮಗೆ ಯಾವುದು ಇಷ್ಟ ಅಮ್ಮಾ? ಅದನ್ನಾದ್ರೂ ಒಂದ್ಸಲ ಹೇಳಿ."

"ನನಗೆ ಎರಡೂ ಒಂದೇ ತರ ಇರುತ್ತೆ. ಕುಡಿದ್ರೆ ನಿದ್ದೆ ಬರುತ್ತೆ" ಎಂದು ಯಜಮಾನಿ ಮೇಲಕ್ಕೆ ಹೋದರು.

ತನ್ನ ಟ್ಯಾಂಕಿನಲ್ಲಿ ಹಾಲು! ಒದ್ದೆಕಲ್ಲಿಗೆ ಎದೆಯಲ್ಲಿ ಹುಳುಕು ಹಲ್ಲು ಸೆಳೆದ ಹಾಗಾಯಿತು. ಇನ್ನೂ ನಾಲ್ಕು ಸಲ ಸೀನಿ, ಬಟ್ಟೆ ಬದಲಾಯಿಸಲು ಎದುರು ಬೀದಿಯ ತನ್ನ ಮನೆಗೆ ಓಡಿದ.

ಹೆಂಡತಿ ಒದ್ದೆ ಕೋಟು ಕಳಚಿ ಜೇಬು ತಡವಿದಳು. ಉಬ್ಬಿದ ಲಕೋಟೆಯೊಂದು ಕೈಗೆ ಬಂತು.

"ರೀ! ಇದಿನ್ನೂ ಇಲ್ಲೇ ಇದೆಯಾ? ಹಾಕ್ದೆ ಅಂದಿದ್ರಲ್ಲ!"

"ಹಾಕೋಣ ಅಂತ ಹೋಗಿದ್ದೆ. ಆವತ್ತು..." ಸೀನು ಬಂದು ಅವನನ್ನು ಕಾಪಾಡಿತು.

ಆ ಕಾಗದದ ಕತೆ ಬೀದಿಗೆಲ್ಲ ಗೊತ್ತಿತ್ತು. ಇನ್ನೂ ಎತ್ತರದಲ್ಲಿ, ಇನ್ನೂ ಚಳಿಯಲ್ಲಿ, ಬರೀ ಕಲ್ಲಿನ ಮೇಲೆ ದ್ರಾಕ್ಷಿ ಬೆಳೆಯುವ ಮೇಲ್ಬೆಟ್ಟದ ತೋಟದವರು ಅವನನ್ನು ಕೆಲಸಕ್ಕೆ ಕರೆದಿದ್ದರು. ಮನೆ ಕೊಡುತ್ತೇವೆ, ಸಂಬಳ ಜಾಸ್ತಿ, ಅಲ್ಲಿ ಪೀಪಾಯಿಯೇ ಇಲ್ಲ ಅಂದಿದ್ದರು. ಬರುತ್ತೇನೆ ಅಂತ ಉತ್ತರ ಬರೆಯಲು ಅವನಿಗೆ ಒಂದು ಸುಗ್ಗಿ ಹಿಡಿಯಿತು. ಬರೆದದ್ದನ್ನು ಜೇಬಲ್ಲಿಟ್ಟುಕೊಂಡು ಇನ್ನೊಂದು ಸುಗ್ಗಿ ಕಳೆಯಿತು. ತಾನು ಹೋದರೆ ಟ್ಯಾಂಕನ್ನು ಯಾರು ನೋಡುತ್ತಾರೆ ಅನ್ನುವುದು ಅವನ ಚಿಂತೆ. ಮಕ್ಕಳಿಲ್ಲದ ಮನೆಯಲ್ಲಿ ಬೆಕ್ಕನ್ನು ಬಿಟ್ಟು ಹೋಗಲಾರದವರು ಇರುತ್ತಾರಲ್ಲ, ಹಾಗೆ.

"ಟ್ಯಾಂಕನ್ನೇ ಕಟ್ಕೋಬೇಕಿತ್ತು ನೀವು. ನಾನ್ಯಾಕೆ ಬೇಕಿತ್ತು?" ಎಂದು ಹೆಂಡತಿ ಲಕೋಟೆಯನ್ನು ಒಲೆಯ ಪಕ್ಕ ಒಣಗಿಸಿದಳು. ಒಣಗಿದ ಮೇಲೆ ಅದು ಸಣ್ಣ ದಿಂಬಿನ ಹಾಗೆ ಇನ್ನಷ್ಟು ಉಬ್ಬಿಕೊಂಡಿತು.

"ಆಯ್ತು ಮಾರಾಯ್ತಿ. ಇವತ್ತು ಟ್ಯಾಂಕು ಹೋದ್ರೆ ಇವತ್ತೇ ಹಾಕ್ತೀನಿ. ಸಾಕಾ?"

"ನನ್ನಾಣೆ?"

"ನಿನ್ನಾಣೆ."

ಆಣೆ ಸಿಕ್ಕ ಖುಷಿಗೆ ಹೆಂಡತಿ ಅವನ ನೆಗಡಿಗೆ ಸೊಂಟ ಕಟ್ಟಿ ನಿಂತಳು. ಕುದಿಯುವ ನೀರಿಗೆ ನೀಲಗಿರಿ ಎಣ್ಣೆ ಸುರಿದು, ಅವನ ತಲೆಯ ಮೇಲೆ ಕಂಬಳಿ ಹೊದಿಸಿ, ಏಳದ ಹಾಗೆ ಕುತ್ತಿಗೆ ಅದುಮಿ ಹಿಡಿದಳು. ಆಮೇಲೆ ಮೂಗಿನ ಮೇಲೆ, ಮೂಗಿನ ಕೆಳಗೆ, ಅವನು ಬೇಡ ಬೇಡ ಅನ್ನುತ್ತಿದ್ದಾಗ ಮೂಗಿನ ಒಳಗೂ ನೋವಿನ ಮುಲಾಮು ತಿಕ್ಕಿದಳು.

"ಏ! ಮೂಗೇ ನನ್ನ ಅನ್ನ ಕಣೇ! ವಾಸನೆ ನೋಡೋ ಮೂಗು!"

"ವಾಸನೆ ನೋಡೋಕೆ ಮೊದ್ಲು ಉಸಿರಾಡ್ಬೇಕಲ್ವಾ? ಸುಮ್ನಿರಿ."

ಕಂಬಳಿಯಿಂದ ಹೊರಬಂದಾಗ ಅವನ ಮೂಗು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಬಂದಿತ್ತು. ಒಳಗೆ ಮಾತ್ರ ಗಾರೆ ಹಾಕಿ ಮುಚ್ಚಿದ ಬಾಗಿಲು. ಅವನು ಲಕೋಟೆಯನ್ನು ಒಣ ಅಂಗಿಯ ಜೇಬಿಗೆ ತುರುಕಿಕೊಂಡು, ಬಾಯಲ್ಲೇ ಉಸಿರಾಡುತ್ತಾ ಬೀದಿಗಿಳಿದ. ನಾಲಿಗೆಯಾದರೂ ಇದೆಯಲ್ಲ, ಹುಳಿ ತಿಳಿಯುತ್ತದಲ್ಲ ಅಂತ ಸಮಾಧಾನ.

ಪಕ್ಕದ ಔಷಧಿ ಅಂಗಡಿಯವನು ಆ ಸಮಾಧಾನವನ್ನು ನೋಡಿ ಸಹಿಸಲಿಲ್ಲ.

"ಒದ್ದೆಕಲ್ಲು ಸ್ವಾಮಿ! ಬನ್ನಿ ಬನ್ನಿ. ಸೀನು ಅಂಗಡಿವರೆಗೂ ಕೇಳ್ತು. ಬಾಯಿ ತೆಗೀರಿ."

"ಬೇಡ ಕಣ್ರೀ, ಇವತ್ತು ರುಚಿ ನೋಡೋದಿದೆ."

"ರುಚಿ ನೋಡೋಕೇ ಹೇಳ್ತಿರೋದು. ಆ ಅನ್ನಿ."

ಅವನು "ಆ" ಅನ್ನಲಿಲ್ಲ, "ಆಕ್ಷೀ" ಅನ್ನಲು ಬಾಯಿ ತೆರೆದ. ಅಂಗಡಿಯವನ ಕೈ ಚುರುಕು. ಗಂಟಲ ಗುಳಿಗೆಯೊಂದು ಒಳಗೆ ಹೋಯಿತು. ಅದರ ಹಿಂದೆಯೇ ಇನ್ನೊಂದು.

"ಹೊಸದು ಇದು. ಗಂಟಲು ಜುಮ್ ಅನ್ನುತ್ತೆ, ನೋವೇ ಗೊತ್ತಾಗಲ್ಲ."

ನೋವು ಗೊತ್ತಾಗಲಿಲ್ಲ. ಬೀದಿ ದಾಟುವುದರೊಳಗೆ ನಾಲಿಗೆ ಇದೆಯೋ ಇಲ್ಲವೋ ಅನ್ನುವುದೂ ಗೊತ್ತಾಗಲಿಲ್ಲ. ಹಲ್ಲಿನಿಂದ ಕಚ್ಚಿ ನೋಡಿಕೊಂಡ. ಇತ್ತು. ಯಾರೋ ಮರೆತು ಬಿಟ್ಟುಹೋದ ಹಲಗೆಯ ತುಂಡಿನ ಹಾಗೆ ಬಾಯಲ್ಲಿ ಬಿದ್ದಿತ್ತು.

ಆದರೂ ಅವನು ಎದೆಗುಂದಲಿಲ್ಲ. ರುಚಿ ನೋಡಬೇಕಾದವರು ಹೋಟೆಲಿನವರು, ತಾನಲ್ಲವಲ್ಲ. ಅವನಿಗೊಂದು ಕ್ರಮವಿತ್ತು. ನೆಲಮಾಳಿಗೆಯಲ್ಲಿ ಎಡಗಡೆ ಟ್ಯಾಂಕು, ಬಲಗಡೆ ಪೀಪಾಯಿ. ಆದ್ದರಿಂದ ಎಲ್ಲಿ ಹೋದರೂ ಟ್ಯಾಂಕಿನದನ್ನು ಎಡಗೈಯಲ್ಲಿ ಹಿಡಿಯುವುದು, ಎಡಗಡೆಯೇ ಇಡುವುದು, ಪೀಪಾಯಿಯದು ಬಲಗಡೆ. ನಿದ್ದೆಯಲ್ಲೂ ತಪ್ಪಿದವನಲ್ಲ. ಹಾಗೆಯೇ ಎರಡು ಬಿಳಿ ಪಿಂಗಾಣಿ ಹೂಜಿಗಳನ್ನು ತುಂಬಿಸಿಕೊಂಡು ಮೇಲಿನ ಕೋಣೆಗೆ ತಂದು, ಕುರ್ಚಿಗಳ ಮುಂದಿನ ಮೇಜಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಇಟ್ಟ.

ಕೋಣೆಯಲ್ಲಿ ಯಜಮಾನಿಯ ಅತ್ತೆ ಇದ್ದರು. ಇವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಯಾವ ವಸ್ತುವೂ ಇದ್ದಲ್ಲಿ ಇರುವುದು ಅವರಿಗೆ ಆಗದು. ತಮ್ಮ ಮದುವೆಗೆ ಬಂದ ದಪ್ಪ ಹಸಿರು ಗಾಜಿನ ಲೋಟಗಳನ್ನು ಆಗಲೇ ತೊಳೆದು ಜೋಡಿಸಿದ್ದರು.

"ದೊಡ್ಡಮ್ಮಾ, ಹಸಿರು ಲೋಟ ಬೇಡ. ವೈನಿನ ಬಣ್ಣವೇ ಕಾಣಲ್ಲ. ಟ್ಯಾಂಕಿನದು ತಿಳಿ, ಪೀಪಾಯಿದು ಹೊನ್ನಿನ ಬಣ್ಣ. ನೋಡಿದ ತಕ್ಷಣ ಗೊತ್ತಾಗ್ಬೇಕು."

"ಏನು ಮಗಾ ಹಾಗಂದ್ರೆ? ಇಷ್ಟು ವರ್ಷ ಒಂದೂ ಒಡೀದೆ ಇಟ್ಟಿದೀನಿ. ದೊಡ್ಡವರು ಬಂದಾಗಲೂ ತೆಗೀದಿದ್ರೆ ಇನ್ಯಾವಾಗ ತೆಗೀಲಿ, ನಾನು ಹೋದ್ಮೇಲಾ?"

ಅವನು ಕೈಮುಗಿದ.

"ಲೋಟ ಇರ್ಲಿ. ಹೂಜಿ ಮಾತ್ರ ಮುಟ್ಟಬೇಡಿ. ದಯವಿಟ್ಟು. ಎಲ್ಲಿಟ್ಟಿದೀನೋ ಅಲ್ಲೇ ಇರ್ಲಿ."

"ಹೂಜಿ ನಾನ್ಯಾಕೋ ಮುಟ್ಟಲಿ?"

ಅಷ್ಟರಲ್ಲಿ ಕೆಳಗಿನಿಂದ ಹೊಗೆ ಬಂತು. ಮೂಗಿಗಲ್ಲ, ಕಣ್ಣಿಗೆ. ಮೆಟ್ಟಿಲನ್ನು ಒಂದೇ ಉಸಿರಿಗೆ ಇಳಿದು ನೋಡಿದರೆ, ವೈನು ತುಂಬಿದ್ದ ಟ್ಯಾಂಕಿನ ಪಕ್ಕ ಭಾವ ಇದ್ದಿಲ ಒಲೆ ಹೊತ್ತಿಸಿ ಬೀಸಣಿಗೆ ಹಾಕುತ್ತಿದ್ದರು.

"ಭಾವಾ! ಏನು ಮಾಡ್ತಿದೀರಾ!"

"ಮುಟ್ಟಿ ನೋಡಿದೆ ಕಣಯ್ಯಾ, ಹೆಣದ ಹಾಗೆ ತಣ್ಣಗಿತ್ತು. ಪಾಪ ಅನ್ನಿಸ್ತು. ಒಂದು ಕೈ..."

"ಅದು ತಣ್ಣಗೇ ಇರ್ಬೇಕು! ಅದಕ್ಕೇ ಅಲ್ವಾ ಇಷ್ಟು ದಿನ ನಾನು ನಡುಗಿಕೊಂಡು ಸತ್ತಿದ್ದು!"

"ನಿನಗೂ ಚಳಿ ಅಂತ ಬಾಯ್ಬಿಟ್ಟು ಹೇಳೋಕೆ ಏನು ದಾಡಿ? ಬಾ, ಕೂತ್ಕೋ, ಕಾಯಿಸ್ಕೋ."

ಒಲೆಯನ್ನು ಹೊರಗೆ ಹೊತ್ತು ಹಾಕಿ, ಕೈ ಸುಟ್ಟುಕೊಂಡು, ಹೊಗೆ ಓಡಿಸಿ, ಟ್ಯಾಂಕನ್ನು ತಟ್ಟಿ ಸಮಾಧಾನ ಮಾಡಿ ಅವನು ಮೇಲಕ್ಕೆ ಬರುವ ಹೊತ್ತಿಗೆ ಹೋಟೆಲಿನ ಸಾಹೇಬರು ಬಂದು ಕೂತಾಗಿತ್ತು. ಊರೂರಿನ ಹೋಟೆಲುಗಳಿಗೆ ವೈನು ಆರಿಸುವವರು. ತೆಳ್ಳಗಿನ ಮನುಷ್ಯ, ಉದ್ದ ಮೂಗು. ಮೊದಲು ಮೂಗು ಹುಟ್ಟಿ, ಅದಕ್ಕೆ ಆಧಾರ ಬೇಕಲ್ಲ ಅಂತ ಉಳಿದ ದೇಹ ಹುಟ್ಟಿದ ಹಾಗಿದ್ದರು. ಯಜಮಾನಿ, ದೊಡ್ಡಮ್ಮ, ಹಿಂದೆಯೇ ಬಂದ ಭಾವ ಎಲ್ಲರೂ ಸುತ್ತ ಕೂತರು.

ಕೋಣೆ ಯಾಕೋ ಬೇರೆ ತರ ಇದೆ ಅನ್ನಿಸಿತು ಅವನಿಗೆ. ಮೇಜು ನೋಡಿದ. ಹೂಜಿಗಳು ಮೇಜಿನ ಮೇಲೆ ತಾವಿದ್ದ ಹಾಗೇ ಇದ್ದವು, ಒಂದು ಎಡಕ್ಕೆ, ಒಂದು ಬಲಕ್ಕೆ. ನಿಟ್ಟುಸಿರು ಬಿಟ್ಟ, ಬಾಯಿಂದಲೇ.

"ಮೊದಲು ಎಡಗಡೆಯದು ಸಾರ್" ಎಂದು ಸಾಹೇಬರ ಕುರ್ಚಿಯ ಪಕ್ಕ ನಿಂತು ಹಸಿರು ಲೋಟಕ್ಕೆ ಸುರಿದ. "ಇದು ಟ್ಯಾಂಕಿನದು. ನಾನೇ ಮಾಡಿದ್ದು."

ಸಾಹೇಬರು ಮೂಗನ್ನು ಲೋಟದೊಳಗೆ ಇಳಿಸಿದರು. ಲೋಟ ತುಂಬಿತು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಗಲಗಲ ಅಂತ ಮುಕ್ಕಳಿಸಿ, ಪಕ್ಕದ ಬೋಗುಣಿಗೆ ಉಗಿದರು.

"ಅಯ್ಯೋ, ಹಿಡಿಸಲಿಲ್ವೇನೋ ಪಾಪ! ಉಗಿದೇಬಿಟ್ರು" ಅಂದರು ದೊಡ್ಡಮ್ಮ.

"ಅವರು ಹಾಗೇ ಅತ್ತೆ. ಸುಮ್ನಿರಿ" ಅಂದರು ಯಜಮಾನಿ.

"ಚೆನ್ನಾಗಿದೆ" ಅಂದರು ಸಾಹೇಬರು. "ಮೆತ್ತಗಿದೆ."

ಒದ್ದೆಕಲ್ಲು ಬೆಚ್ಚಿಬಿದ್ದ. "ಮೆತ್ತಗಾ? ಸಾರ್, ಅದು ಚೂರಿ! ನಾಲಿಗೆ ಮೇಲೆ ಇಟ್ರೆ ಕುಯ್ಯುತ್ತೆ. ಹಸಿರು ಸೇಬು, ನಿಂಬೆ ಸಿಪ್ಪೆ, ಕೊನೇಲಿ ಒದ್ದೆ ಕಲ್ಲು. ಸರಿಯಾಗಿ ನೋಡಿ."

ಸಾಹೇಬರು ಅವನ ಮುಖ ನೋಡಿದರು, ಲೋಟ ನೋಡಿದರು. ಇನ್ನೊಂದು ಲೋಟಕ್ಕೆ ಕೈ ಚಾಚಿದರು. ಅವನು ಬಲಗಡೆಯ ಹೂಜಿಯನ್ನು ಎತ್ತಿ, ಕಷಾಯ ಸುರಿಯುವವನ ಹಾಗೆ ಮುಖ ಸಿಂಡರಿಸಿಕೊಂಡು ಸುರಿದ. ಅರ್ಧ ಲೋಟಕ್ಕೆ, ಅರ್ಧ ತನ್ನ ಅಂಗಿಯ ತೋಳಿಗೆ.

ಸಾಹೇಬರು ಮೂಗಿಳಿಸಿದರು. ಆ ಮೂಗು ಒಮ್ಮೆ ನಡುಗಿತು. ಕಣ್ಣು ಮುಚ್ಚಿದರು. ಗುಟುಕು ಬಾಯಿಗೆ ಹೋಯಿತು, ಗಲಗಲ ಆಯಿತು, ಆದರೆ ಬೋಗುಣಿಗೆ ಬರಲಿಲ್ಲ. ನುಂಗಿಬಿಟ್ಟಿದ್ದರು.

"ಇದು..." ಎಂದರು ಮೆಲ್ಲಗೆ.

"ಅದನ್ನ ಬಿಟ್ಟಾಕಿ ಸಾರ್. ಬರೀ ಬೆಣ್ಣೆ."

"ಬೆಣ್ಣೆನಾ? ಇದ್ರಲ್ಲಾ?"

"ಬೆಣ್ಣೆ ಮುದ್ದೆ! ಅದರ ಮೇಲೆ ಮರದ ಹೊಟ್ಟು ಉದುರಿಸಿದ ಹಾಗೆ."

"ನೀವೇ ಒಂದ್ಸಲ ರುಚಿ ನೋಡಿ ಹೇಳ್ತೀರಾ?"

ಅವನು ಧೈರ್ಯವಾಗಿ ಒಂದು ಗುಟುಕು ಹೀರಿದ. ಹಲಗೆಯ ಮೇಲೆ ಏನೋ ಹರಿದು ಹೋದ ಹಾಗಾಯಿತು. ಕೆಂಪು ಮೂಗನ್ನು ಎತ್ತಿ, "ಹೂಂ. ಬೆಣ್ಣೆ. ಜಾರುತ್ತೆ ನೋಡಿ" ಎಂದ.

ಸಾಹೇಬರು ಅವನನ್ನು, ಬಸ್ಸಿನಲ್ಲಿ ಪಕ್ಕದ ಸೀಟಿನವನು ತನ್ನಷ್ಟಕ್ಕೆ ತಾನೇ ಹಾಡಲು ಶುರು ಮಾಡಿದಾಗ ನೋಡುವ ಹಾಗೆ ನೋಡಿದರು.

"ಹಾಗಾದ್ರೆ ಇದನ್ನ ಮಾಡಿದವರು ಯಾರು?"

"ನಾನಲ್ಲ! ನನ್ನ ಹೆಂಡ್ತಿ ಆಣೆಗೂ ನಾನಲ್ಲ. ಅಗೋ, ಭಾವನವರು. ದಿನಾ ತಟ್ಟಿ ತಟ್ಟಿ ಸಾಕಿದ್ದು ಅವರೇ. ಅದರ ಪುಣ್ಯವೆಲ್ಲಾ ಅವರಿಗೇ ಇರ್ಲಿ."

ಭಾವ ನಾಚಿಕೊಂಡು ನೆಲ ನೋಡಿದರು. "ನಂದೇನಿಲ್ಲ ಬಿಡಿ. ಆಗಾಗ ಒಂದು ಕೈ ಹಾಕ್ತೀನಿ, ಅಷ್ಟೆ."

"ನೀವು ರುಚಿ ನೋಡ್ತೀರಾ?"

"ಇಲ್ಲ. ನಾನು ಮುಟ್ಟಲ್ಲ. ಬರೀ ಕಿವಿಯಿಟ್ಟು ಕೇಳಿಸ್ಕೋತೀನಿ."

"ಕೇಳಿಸ್ಕೋತೀರಾ!" ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಇಷ್ಟು ವರ್ಷದಲ್ಲಿ ತನ್ನ ಬಗ್ಗೆ ಇಷ್ಟು ಕಡಿಮೆ ಮಾತಾಡಿದ ವೈನಿನವನನ್ನು ಅವರು ಕಂಡಿರಲಿಲ್ಲ. ಯಜಮಾನಿಯ ಕಡೆ ತಿರುಗಿ, "ಬಲಗಡೆ ಹೂಜಿಯದು ಎಷ್ಟಿದೆಯೋ ಅಷ್ಟೂ ನಮಗೇ ಬೇಕು. ಮುಂದಿನ ವರ್ಷದ್ದೂ ಸೇರಿಸಿ. ನಡೀರಿ, ಕೆಳಗೆ ಹೋಗಿ ನೋಡೋಣ" ಎಂದರು.

ಬಲಗಡೆಯದು! ಒದ್ದೆಕಲ್ಲಿಗೆ ಮುಂದಿನ ಮಾತು ಕೇಳಿಸಲಿಲ್ಲ. ಕಣ್ಣೆದುರಿಗೆ ತನ್ನ ಟ್ಯಾಂಕು ಬಂತು, ಅದರ ತುಂಬ ಹಾಲು ಬಂತು, ಹಾಲಿನ ಮೇಲೆ ಕೆನೆಯೂ ಬಂತು. ಎಲ್ಲರೂ ನೆಲಮಾಳಿಗೆಯ ಮೆಟ್ಟಿಲಿಳಿದರೆ ಅವನು ಬೀದಿಯ ಮೆಟ್ಟಿಲಿಳಿದ.

ಮೂಲೆಯಲ್ಲಿ ಅಂಚೆಪೆಟ್ಟಿಗೆ ಇತ್ತು. ವರ್ಷ ವರ್ಷವೂ ಬಣ್ಣದ ಮೇಲೆ ಬಣ್ಣ ಬಳಿದು ಅದರ ಬಾಯಿ, ಸಿಟ್ಟಾದ ಅತ್ತಿಗೆಯ ತುಟಿಯ ಹಾಗೆ ಬಿಗಿದುಕೊಂಡಿತ್ತು. ಅವನು ಜೇಬಿನಿಂದ ಲಕೋಟೆ ತೆಗೆದ. ಎರಡು ಸುಗ್ಗಿಯ ಬೆವರು, ಬೆಳಗಿನ ನೀರು, ಒಲೆಯ ಕಾವು ಎಲ್ಲ ಕುಡಿದು ಅದು ಗರ್ಭಿಣಿಯ ಹಾಗಾಗಿತ್ತು. ತೂರಿಸಿದ. ಅರ್ಧ ಹೋಯಿತು, ಅರ್ಧ ನಿಂತಿತು. ನೂಕಿದ. ಜಗ್ಗಲಿಲ್ಲ.

"ಹಾಳಾದ್ದು! ಇದಕ್ಕೂ ನನ್ನ ಕಂಡ್ರೆ ಆಗಲ್ಲ" ಎಂದು ಪೆಟ್ಟಿಗೆಗೊಂದು ಗುದ್ದು ಕೊಡಲು ಕೈಯೆತ್ತಿದ. ಆಗಲೇ ಬೆಳಗಿನಿಂದ ಒಳಗೆ ಕೂತಿದ್ದ ಎಲ್ಲ ಸೀನುಗಳ ತಾಯಿ ಹೊರಟು ಬಂದಳು. ಎದುರು ಮರದ ಪಾರಿವಾಳಗಳು ಹಾರಿಹೋದವು. ಅವನ ಮೂಗಿನ ಗಾರೆ ಬಿರುಕು ಬಿಟ್ಟು, ಬಾಗಿಲು ತೆರೆಯಿತು.

ಮೊದಲು ಬಂದದ್ದು ಮುಲಾಮಿನ ಘಾಟು. ಅದರ ಹಿಂದೆ, ಮುಖ ಒರೆಸಿಕೊಂಡ ಅಂಗಿಯ ತೋಳಿನಿಂದ ಏನೋ ಬಂತು. ನಿಂಬೆಯ ಸಿಪ್ಪೆ. ಹಸಿರು ಸೇಬು. ಅವನು ತೋಳನ್ನು ಮೂಗಿಗೆ ಒತ್ತಿ ಹಿಡಿದ. ಈಗಷ್ಟೇ ಮಳೆ ಬಿದ್ದ ಕಲ್ಲು!

ತೋಳಿಗೆ ಚೆಲ್ಲಿದ್ದು ಬಲಗಡೆಯ ಹೂಜಿಯದು.

ಅವನು ಹಾಗೇ ತೋಳು ಮೂಸುತ್ತಾ ನಿಂತಿರುವಾಗ ಯಜಮಾನಿ ಏದುಸಿರು ಬಿಡುತ್ತಾ ಬಂದರು. ಅಷ್ಟು ವರ್ಷದಲ್ಲಿ ಅವರು ನಗುವುದನ್ನು ಅವನು ನೋಡಿದ್ದು ಅದೇ ಮೊದಲು.

"ಎಲ್ಲಿ ಓಡಿಬಂದ್ಯೋ! ಗೆದ್ದಿದ್ದು ನಿನ್ನ ಟ್ಯಾಂಕಿನದೇ ಕಣಪ್ಪಾ! ಕೆಳಗೆ ಹೋಗಿ ಪೀಪಾಯಿದು ಕೊಟ್ರೆ ಇದಲ್ಲ ಅಂದ್ರು. ಟ್ಯಾಂಕಿನದು ಕೊಟ್ರೆ ಇದೇ ಇದೇ ಅಂತ ಕುಣಿದಾಡಿದ್ರು."

"ಆದ್ರೆ ಬಲಗಡೆ... ನಾನು ಎಡಗಡೆ..."

"ಅತ್ತೆಯವರ ಕೆಲಸ. ಸಾಹೇಬ್ರ ಕಣ್ಣಿಗೆ ಬಿಸಿಲು ಹೊಡೆಯುತ್ತೆ ಅಂತ ಕುರ್ಚಿಗಳನ್ನೆಲ್ಲಾ ಮೇಜಿನ ಆಚೆ ಕಡೆ ಹಾಕಿಸಿದಾರೆ. ಕೇಳಿದ್ರೆ 'ಹೂಜಿ ನಾನು ಮುಟ್ಟೇ ಇಲ್ಲ' ಅಂತಾರೆ."

ಹೂಜಿ ಮುಟ್ಟಿರಲಿಲ್ಲ, ನಿಜ. ಆಚೆ ನಿಂತವನಿಗೆ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಅವನು ತನ್ನ ಹಣೆ ಮುಟ್ಟಿಕೊಂಡ. "ಹಾಗಾದ್ರೆ ಸಾಹೇಬ್ರಿಗೆ ಹೇಳಿದ್ರಾ ಅದು ನಂದು ಅಂತ?"

ಯಜಮಾನಿ ಆಚೀಚೆ ನೋಡಿ ದನಿ ತಗ್ಗಿಸಿದರು. "ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಭಾವನ ಕೈ ಹಿಡ್ಕೊಂಡು, ನಿಮ್ಮಂಥವರು ನಮಗೆ ಬೇಕು, ನಮ್ಮ ತೋಟಕ್ಕೆ ಮುಖ್ಯಸ್ಥರಾಗಿ ಬನ್ನಿ ಅಂದುಬಿಟ್ರು. ಹೆಂಡ್ತಿ ಆಣೆ ಇಟ್ಟು ನೀನೇ ಹೇಳಿದ್ಯಲ್ಲ, ಭಾವನದು ಅಂತ. ಭಾವನ್ನ ಯಾರಾದ್ರೂ ಕರ್ಕೊಂಡು ಹೋಗ್ತೀನಿ ಅಂದ್ರೆ ನಾನ್ಯಾಕಪ್ಪಾ ಅಡ್ಡ ಬರ್ಲಿ? ನಾಳೆಯಿಂದ ನೆಲಮಾಳಿಗೆ ಪೂರ್ತಿ ನಿಂದು. ಟ್ಯಾಂಕು ನಿಂದು. ತಟ್ಟೋರಿಲ್ಲ, ಕಾಯಿಸೋರಿಲ್ಲ."

ಒದ್ದೆಕಲ್ಲಿನ ಎದೆಯಲ್ಲಿ ಹೂವು ಅರಳಿತು. ತಟ್ಟುವವರಿಲ್ಲದ ನೆಲಮಾಳಿಗೆ! ಹೆಸರು ಯಾರಿಗಾದರೂ ಹೋಗಲಿ, ಟ್ಯಾಂಕು ಉಳಿಯಿತಲ್ಲ. ಎಷ್ಟೋ ವರ್ಷ ಕಟ್ಟಿದ್ದ ಮೂಗು ಬಿಟ್ಟವನ ಹಾಗೆ ಹಗುರವಾಗಿ ಕೇಳಿದ, "ಯಾವ ತೋಟಕ್ಕಮ್ಮಾ ಭಾವ ಹೋಗ್ತಿರೋದು?"

"ಅದೇ, ಮೇಲ್ಬೆಟ್ಟದ್ದು. ಈಚೆಗೆ ಹೋಟೆಲಿನವರೇ ಕೊಂಡ್ಕೊಂಡಿದಾರಂತೆ."

ಹೂವು ಅಲ್ಲೇ ಬಾಡಿತು. ಅವನು ಸರ್ರನೆ ಹಿಂತಿರುಗಿದ. ಪುಣ್ಯಕ್ಕೆ ಲಕೋಟೆ ಇನ್ನೂ ಪೆಟ್ಟಿಗೆಯ ಬಾಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಪುಣ್ಯ ಅಲ್ಲಿಗೇ ಮುಗಿದಿತ್ತು, ಯಾಕೆಂದರೆ ಪೆಟ್ಟಿಗೆಯ ಪಕ್ಕದಲ್ಲಿ ಭಾವ ನಿಂತಿದ್ದರು. ಹೊಸ ಕೆಲಸದ ಕಳೆ ಮುಖದ ತುಂಬ.

"ಇಲ್ಲಿದೀಯೇನಯ್ಯಾ! ನಿನ್ನನ್ನೇ ಹುಡುಕ್ತಾ ಬಂದೆ. ನೀನು ನನ್ನ ಬಗ್ಗೆ ಅಷ್ಟು ದೊಡ್ಡ ಮಾತಾಡಿದ್ದು ಸಾಯೋವರೆಗೂ ಮರೆಯಲ್ಲ. ನಿನ್ನಂಥವನು ಅಲ್ಲೂ ಒಬ್ಬ ಇದ್ದಿದ್ರೆ! ನನ್ನ ಕೈಕೆಳಗೆ ಯಾರನ್ನೋ ಕರೆದಿದಾರಂತೆ, ಎರಡು ಸುಗ್ಗಿ ಆದ್ರೂ ಉತ್ತರ ಬರೆದಿಲ್ವಂತೆ ಆ ಸೋಮಾರಿ. ಬರ್ಲಿ, ತಿದ್ದುತ್ತೀನಿ. ಮೊದಲ ದಿನದಿಂದ್ಲೇ ಪಕ್ಕದಲ್ಲಿ ಕೂರಿಸ್ಕೊಂಡು..."

"ಭಾವಾ, ಸ್ವಲ್ಪ ಸರೀರಿ. ಆ ಕಾಗದ..." ಅವನು ಕೈ ಚಾಚಿ ಮುನ್ನುಗ್ಗಿದ.

"ಓ, ಇದು ನಿಂದಾ? ನೋಡಿದೆ ಆಗಲೇ. ಪಾಪ, ಅರ್ಧಕ್ಕೇ ಸಿಕ್ಕಾಕೊಂಡಿದೆ."

"ಬೇಡ ಭಾವಾ! ಬೇ..."

ಭಾವ ಎರಡೂ ಹೆಬ್ಬೆರಳಿಟ್ಟು, ತುಟಿ ಕಚ್ಚಿ, ಪೀಪಾಯಿಗೆ ಬಿರಡೆ ಬಡಿಯುವವರ ಹಾಗೆ ಒತ್ತಿದರು. ಅವನಿಗೆ ಜಗ್ಗದೆ ಇದ್ದದ್ದು ಅವರ ಕೈಗೆ ಬೆಣ್ಣೆಯ ಹಾಗೆ ಜಾರಿತು. ಒಳಗೆ, ತಳದಲ್ಲಿ, ಧಪ್ ಅಂತು.

ಎದುರಿನ ಅವನ ಮನೆಯ ಕಿಟಕಿ ತೆರೆಯಿತು. "ರೀ! ಹಾಕಿದ್ರಾ? ನೀವು ಲಕೋಟೆ ಹಿಡ್ಕೊಂಡು ಹೋಗಿದ್ದು ನೋಡಿದೆ. ಆಗಲೇ ಮನೆ ಮಾಲೀಕರಿಗೆ ಮನೆ ಬಿಡ್ತೀವಿ ಅಂತ ಹೇಳ್ಬಿಟ್ಟೆ! ಔಷಧಿ ಅಂಗಡಿಯವರ ಮಗಳು ಅಳಿಯ ನಾಳೇನೇ ಸಾಮಾನು ತರ್ತಾರಂತೆ!"

ಅಷ್ಟರಲ್ಲಿ ಅಂಚೆಯವನು ಬಂದು, ಸೈಕಲ್ ನಿಲ್ಲಿಸಿ, ಬೀಗ ತೆಗೆದು, ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಚೀಲಕ್ಕೆ ಸುರಿದುಕೊಂಡ. ಎಲ್ಲಕ್ಕಿಂತ ದಪ್ಪಗಿದ್ದ ಲಕೋಟೆಯನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ, ಅದನ್ನೂ ಒಳಗೆ ಹಾಕಿದ. ಒದ್ದೆಕಲ್ಲು ಅವನ ಹಿಂದೆ ಓಡಿದ. ಎರಡು ಹೆಜ್ಜೆ ಇಡುವ ಮೊದಲೇ ಸೈಕಲ್ ಇಳಿಜಾರು ಹಿಡಿದಿತ್ತು.

ಭಾವ ಅವನ ಭುಜ ತಟ್ಟಿದರು, ಟಕಟಕ, ಗೆಣ್ಣಿನಿಂದಲೇ.

"ಇಷ್ಟಕ್ಕೆಲ್ಲಾ ಕಣ್ಣಲ್ಲಿ ನೀರು ತರ್ತಾರೇನಯ್ಯಾ? ಒಂದು ಕೈ ಹಾಕ್ದೆ, ಅಷ್ಟೆ."